ವರ್ಣತಂತು ಎಂಬ ಪದವನ್ನು ನಾನು ತಿದ್ದಿದ್ದು

ನಾನು ಒಂದು ಪದ ತಿದ್ದಿದೆ. ಅದರಿಂದ ಒಬ್ಬ ಸಂಶೋಧಕಿಯ ಡಾಕ್ಟರೇಟ್ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುವ ಪರಿಸ್ಥಿತಿ ಬಂತು. ತಪ್ಪು ವರದಿಗಾರನದಲ್ಲ, ಮುದ್ರಣಾಲಯದ್ದೂ ಅಲ್ಲ. ನನ್ನದೇ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದೇನೆ. ವರದಿಗಾರರು ಕಳಿಸಿದ್ದನ್ನು ಓದಿ, ತಿದ್ದಿ, ಜಾಗಕ್ಕೆ ತಕ್ಕಂತೆ ಕತ್ತರಿಸಿ, ತಲೆಬರಹ ಕೊಡುವುದು ನಮ್ಮ ಕೆಲಸ. ನಮ್ಮ ಡೆಸ್ಕಿಗೆ ಒಂದು ನಿಯಮವಿದೆ. ಅದನ್ನು ತಂದವಳೂ ನಾನೇ. ಓದುಗರು ಬಾಯಲ್ಲಿ ಆಡದ ಪದ ತಲೆಬರಹದಲ್ಲಿ ಬರಕೂಡದು. ‘ವಿದ್ಯುತ್ ವ್ಯತ್ಯಯ’ ಎಂದು ಬಂದರೆ ‘ನಾಳೆ ಕರೆಂಟ್ ಇರಲ್ಲ’ ಎಂದು ಮಾಡುತ್ತೇನೆ. ‘ಜಲಾವೃತ’ ಎಂದರೆ ‘ನೀರು ನುಗ್ಗಿತು’. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಇದನ್ನೇ ಕಲಿಸುತ್ತೇನೆ. ಈ ನಿಯಮದಿಂದ ಪತ್ರಿಕೆಗೆ ಒಳ್ಳೆಯದೇ ಆಗಿದೆ ಎಂದು ಈಗಲೂ ನಂಬಿದ್ದೇನೆ.

ಅಂದು ಧಾರವಾಡದಿಂದ ಹತ್ತು ಸಾಲಿನ ಸುದ್ದಿ ಬಂತು. ಕೃಷಿ ಪ್ರಯೋಗಾಲಯವೊಂದರಲ್ಲಿ ಹತ್ತಿಯ ವರ್ಣತಂತುಗಳಿಗೆ ಬಣ್ಣ ಹಚ್ಚಿ, ನಮ್ಮ ನಾಟಿ ಜವಾರಿ ಹತ್ತಿಗೂ ಅಮೆರಿಕನ್ ಹತ್ತಿಗೂ ಇರುವ ಹಳೆಯ ನಂಟನ್ನು ಹುಡುಕುವ ಸಂಶೋಧನೆ ನಡೆದಿದೆ ಎಂಬುದು ಸಾರಾಂಶ. ನನಗೆ ಇದ್ದ ಜಾಗ ಮೂರು ಕಾಲಂ ಅಗಲದಲ್ಲಿ ಆರು ಸಾಲು. ವರ್ಣತಂತು ಎಂದರೆ ಕ್ರೋಮೋಸೋಮ್ ಎಂದು ಹತ್ತನೆಯ ತರಗತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಡೆಸ್ಕಿನಲ್ಲಿ ನೆನಪಿಗಿಂತ ಕೈ ಮುಂದಿರುತ್ತದೆ. ವರ್ಣ ಎಂದರೆ ಬಣ್ಣ, ತಂತು ಎಂದರೆ ಎಳೆ, ಸುದ್ದಿ ಹತ್ತಿಯದು. ಬಣ್ಣದ ಎಳೆಗೆ ಮತ್ತೆ ಬಣ್ಣ ಹಚ್ಚುವುದೇನು ಎಂದು ಎರಡರಲ್ಲಿ ಒಂದು ಬಣ್ಣವನ್ನು ಹೊಡೆದುಹಾಕಿದೆ. ಧಾರವಾಡದ ಕಡೆ ಬಣ್ಣದ ಅರಳೆ ಬಿಡುವ ಹತ್ತಿಯ ಪ್ರಯೋಗ ಬೇರೆಯವರು ಮಾಡುತ್ತಿದ್ದಾರೆಂದು ಹಿಂದೊಮ್ಮೆ ಓದಿದ್ದು ತಲೆಯಲ್ಲಿ ಎಲ್ಲೋ ಇತ್ತು. ಎಲ್ಲವೂ ಸರಿಯಾಗಿ ಕೂಡಿತು. ‘ಧಾರವಾಡದಲ್ಲಿ ಬಣ್ಣದ ಎಳೆಯ ಹತ್ತಿ!’ ಎಂದು ತಲೆಬರಹ ಕೊಟ್ಟೆ. ಆಶ್ಚರ್ಯಸೂಚಕ ಚಿಹ್ನೆಯೂ ನನ್ನದೇ.

ಮರುದಿನ ಕಚೇರಿಗೆ ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಫೋನು.

“ಪೇಪರ್‌ನವರೇನ್ರಿ? ಅಮರಗೋಳದಿಂದ ಮಾತಾಡಾಕತ್ತೇನಿ, ದಲಾಲಿ ಅಂಗಡಿ ಐತಿ ನಮ್ದು. ಈ ಬಣ್ಣದ ಹತ್ತಿ ಕೆಂಪಗ ಬರತೈತೋ, ಹಸರಗ ಬರತೈತೋ?”

“ಸುದ್ದಿಯೊಳಗ ಇರೋದಷ್ಟ ನಮಗ ಗೊತ್ರಿ,” ಎಂದೆ.

“ಅಲ್ರೀ ಅಕ್ಕಾರ, ಮುಂಜಾನಿಂದ ನಮ್ಮ ಅಂಗಡ್ಯಾಗ ಇದs ಜಗಳ. ಒಬ್ಬಾವ ಹೇಳ್ತಾನ, ಇನ್ನ ಮ್ಯಾಲೆ ಟಾವೆಲ್ ಸೀದಾ ಗಿಡದಾಗs ಬಿಡತೈತಿ, ಹರಕೊಂಡು ಹೆಗಲ ಮ್ಯಾಲೆ ಹಾಕ್ಕೊಳ್ಳೋದಷ್ಟ ಅಂತ. ಖರೇ ಏನ್ರಿ?”

ನಕ್ಕು ಫೋನ್ ಇಟ್ಟೆ. ಇಂಥದೇ ಇನ್ನೂ ನಾಲ್ಕು ಕರೆ ಬಂದ ಮೇಲೆ ನಗು ನಿಂತಿತು. ಕಡತ ತೆರೆದು ಮೂಲ ವರದಿ ಓದಿದೆ. ‘ವರ್ಣತಂತು’ ಎಂಬ ಪದವನ್ನು ಈ ಸಲ ಪೂರ್ತಿ ಓದಿದೆ. ತಪ್ಪು ಎಲ್ಲಿ ಆಗಿದೆ ಎಂದು ಆಗಲೇ ತಿಳಿಯಿತು.

ಹನ್ನೊಂದರ ಸುಮಾರಿಗೆ ಅರವತ್ತರ ಆಸುಪಾಸಿನ ಒಬ್ಬರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದರು. ಕಮರಿಪೇಟೆಯವರು. ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ ಯಂತ್ರಗಳ ಮಿಸ್ತ್ರಿ. ತೊಳೆದ ಕೈಯ ಉಗುರುಗಳ ಸುತ್ತ ಗ್ರೀಸಿನ ಕಪ್ಪು ಹಾಗೇ ಇತ್ತು.

“ಅಕ್ಕಾರ, ಇದನ್ನ ಯಾರು ಬರದಾರ್ರಿ?”

“ತಿದ್ದಿದ್ದು ನಾನರಿ. ಕೂಡ್ರಿ.”

ಅವರು ಕೂಡಲಿಲ್ಲ. “ಬರವಣಿಗಿ ಛಲೋ ಐತ್ರಿ. ಆದ್ರ ಇದರಾಗ ಐತಲ್ಲ, ಸಂಶೋಧಕಿ ಅಂತ, ಆಕಿ ನಮ್ಮ ಮಗಳು. ಈ ಹತ್ತಿ ಆಕೀದಲ್ಲ.”

“ಗೊತ್ತಾತ್ರಿ. ಈಗ ಸ್ವಲ್ಪ ಹೊತ್ತಿನ್ಯಾಗ ಗೊತ್ತಾತು.”

“ಜಿನ್ನಿನ್ಯಾಗ ಎಲ್ಲಾರೂ ನನ್ನ ಚಾಷ್ಟಿ ಮಾಡಾಕತ್ತಾರ. ಮಿಸ್ತ್ರಿ, ಹಳದಿ ಹತ್ತಿ ಬಂದ್ರ ಮಶೀನಿಗೂ ಅರಿಶಿಣ ಹಚ್ಚಬೇಕೇನಪಾ ಅಂತಾರ. ಅದನ್ನ ನಾ ಸಹಿಸ್ಕೋತೇನ್ರಿ, ನನಗೇನೂ ಆಗಂಗಿಲ್ಲ. ಆಕಿ ಮುಂಜಾನಿಂದ ಒಂದ್ ಕಪ್ ಚಾ ಕುಡದಿಲ್ಲ.”

ಮಗಳು ಸ್ಕೂಟಿ ನಿಲ್ಲಿಸಿ ಅವರ ಹಿಂದೆಯೇ ಬಂದಳು. ಮೂವತ್ತರ ಒಳಗಿನವಳು. ಅವಳು ದನಿ ಎತ್ತಲಿಲ್ಲ, ಅಳಲಿಲ್ಲ. ಒಂದೊಂದೇ ವಿಷಯ ಹೇಳಿದಳು. ಹತ್ತು ದಿನಕ್ಕೆ ಅವಳ ಅಂತಿಮ ಮೌಖಿಕ ಪರೀಕ್ಷೆ. ಪ್ರಬಂಧ ಒಪ್ಪಿತವಾಗಿದೆ, ಹೊರಗಿನ ಪರೀಕ್ಷಕರು ಬರುವ ದಿನ ಗೊತ್ತಾಗಿದೆ. ಈ ನಡುವೆ ನಮ್ಮ ಸುದ್ದಿಯ ಚಿತ್ರ ಎಲ್ಲರ ಮೊಬೈಲಿಗೂ ಹೋಗಿದೆ. ಬಣ್ಣದ ಹತ್ತಿಯ ಮೇಲೆ ನಿಜವಾಗಿ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು, ತಮ್ಮ ಕೆಲಸವನ್ನು ಇವಳು ತನ್ನದೆಂದು ಪತ್ರಿಕೆಗೆ ಹೇಳಿದ್ದಾಳೆ ಎಂದು ದೂರು ಕೊಟ್ಟಿದ್ದಾರೆ. ದೂರು ಇತ್ಯರ್ಥವಾಗದೆ ಪರೀಕ್ಷೆ ಬೇಡ, ಮುಂದೂಡೋಣ ಎಂದು ಅವಳ ಮಾರ್ಗದರ್ಶಕರು ಹೇಳಿದ್ದಾರೆ. ಮುಂದೂಡಿದರೆ ಪರೀಕ್ಷಕರ ದಿನ ಮತ್ತೆ ಸಿಗಲು ಆರು ತಿಂಗಳು.

“ಆರು ವರ್ಷ ಕೆಲಸಾ ಮಾಡೇನ್ರಿ ಮೇಡಂ,” ಎಂದಳು. “ಆರು ತಿಂಗಳು ಕೂಡಾಕ ನನಗ ತ್ರಾಸಿಲ್ಲ. ಸುಳ್ಳು ಹೇಳ್ಯಾಳ ಅನ್ನಿಸ್ಕೊಂಡು ಕೂಡೂದು ಆಗಂಗಿಲ್ಲ.”

ನಾನು ಅಲ್ಲೇ ತಿದ್ದುಪಡಿ ಬರೆದೆ. ಎರಡು ಸಾಲಿನ ತಿದ್ದುಪಡಿ ಬರೆಯುವುದರಲ್ಲಿ ನನ್ನಷ್ಟು ಪಳಗಿದವರು ಕಚೇರಿಯಲ್ಲಿ ಇಲ್ಲ. ‘ನಿನ್ನೆಯ ಸಂಚಿಕೆಯಲ್ಲಿ ಬಣ್ಣದ ಎಳೆ ಎಂದು ಪ್ರಕಟವಾಗಿದೆ. ವರ್ಣತಂತು ಎಂದು ಓದಿಕೊಳ್ಳಬೇಕು. ವಿಷಾದಿಸುತ್ತೇವೆ.’ ಮಿಸ್ತ್ರಿ ಅದನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದರು. ಓದಿ ಮಗಳ ಕಡೆ ನೋಡಿದರು.

“ಬೇಟಿ, ವರ್ಣತಂತು ಅಂದ್ರನೂ ಬಣ್ಣದ ಎಳೀನs ಅಲ್ಲೇನು?”

ಅವಳು ಹಣೆ ಹಿಡಿದುಕೊಂಡಳು. ನಾನು ಆ ಚೀಟಿಯನ್ನು ವಾಪಸು ಪಡೆದು ಹರಿದೆ. ಮನೆಯಲ್ಲಿ ಆರು ವರ್ಷ ಇದೇ ಮಾತು ಕೇಳಿದ ತಂದೆಗೇ ಹೀಗೆ ಅನ್ನಿಸಿದರೆ, ಅಮರಗೋಳದ ದಲಾಲರಿಗೆ, ದೂರು ಕೊಟ್ಟವರ ಸುತ್ತಲಿನವರಿಗೆ ಎರಡು ಸಾಲಿನಿಂದ ಏನೂ ಆಗುವುದಿಲ್ಲ. ಸರಿಯಾಗಿ ಬರೆಯಬೇಕೆಂದರೆ ಮೊದಲು ನನಗೆ ಅರ್ಥವಾಗಬೇಕು.

“ನಾಳೆ ನಿಮ್ಮ ಪ್ರಯೋಗಾಲಯಕ್ಕ ಬರ್ತೇನಿ,” ಎಂದೆ.

“ಬರ್ರಿ. ಆದ್ರ ಬರಿಯೋಕಿಂತ ಮೊದಲ ನನಗ ತೋರಸ್ರಿ.”

ಪ್ರಕಟಣೆಗೆ ಮೊದಲು ಸುದ್ದಿಯನ್ನು ಹೊರಗಿನವರಿಗೆ ತೋರಿಸುವುದಿಲ್ಲ ಎಂಬುದು ನಮ್ಮ ಇನ್ನೊಂದು ನಿಯಮ. ಅಂದು ಅದನ್ನು ಮುರಿದೆ.

ಮರುದಿನ ಧಾರವಾಡದಲ್ಲಿ ಅವಳು ನನ್ನನ್ನು ಮೊದಲು ಕರೆದೊಯ್ದದ್ದು ಸೂಕ್ಷ್ಮದರ್ಶಕದ ಹತ್ತಿರಕ್ಕಲ್ಲ, ಒದ್ದೆ ಕಾಗದದ ಮೇಲೆ ಮೊಳಕೆ ಬಂದ ಹತ್ತಿಕಾಳಿನ ತಟ್ಟೆಯ ಹತ್ತಿರಕ್ಕೆ. ಬೇರಿನ ತುದಿಯಲ್ಲಿ ಜೀವಕೋಶಗಳು ಸತತವಾಗಿ ಒಡೆದು ಎರಡಾಗುತ್ತಿರುತ್ತವೆ. ಹಾಗೆ ಒಡೆಯುವ ಹೊತ್ತಿನಲ್ಲಿ ಮಾತ್ರ ಒಳಗಿನ ದಾರಗಳು ಮುದುಡಿ, ದಪ್ಪವಾಗಿ, ಒಂದೊಂದಾಗಿ ಎಣಿಸಲು ಸಿಗುತ್ತವೆ. ಅವೇ ವರ್ಣತಂತುಗಳು. ಗಿಡ ಎಷ್ಟು ಎತ್ತರ ಬೆಳೆಯಬೇಕು, ಯಾವಾಗ ಹೂ ಬಿಡಬೇಕು ಎಂಬುದೆಲ್ಲ ಆ ದಾರಗಳ ಉದ್ದಕ್ಕೂ ಸಾಲಾಗಿ ಕೂತಿರುತ್ತದೆ. ಅವಳು ಬೇರಿನ ತುದಿಯನ್ನು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಹೆಬ್ಬೆರಳಿನಿಂದ ಒತ್ತಿದಳು.

“ಜೋರ ಒತ್ತಿದ್ರ ಎಲ್ಲಾ ಚಲ್ಲಾಪಿಲ್ಲಿ. ಮೆತ್ತಗ ಒತ್ತಿದ್ರ ಒಂದರ ಮ್ಯಾಲ ಒಂದು. ಮದಲ ಎರಡು ವರ್ಷ ಬರೇ ಒತ್ತೂದs ಕಲತೇನ್ರಿ.”

“ಇವುಕ್ಕ ಬಣ್ಣ ಎಲ್ಲೈತಿ?” ಎಂದು ಕೇಳಿದೆ.

“ಇಲ್ಲ. ಅದs ಮಾತು. ನೀರಿನಂಗ ಅದಾವು. ಹಿಂದಿನವರು ಬಣ್ಣ ಹಾಕಿ ನೋಡಿದಾಗ ಇವು ಬಣ್ಣಾ ಎಳಕೊಂಡ್ವು, ಉಳದದ್ದು ಎಳಕೊಳ್ಳಲಿಲ್ಲ. ಅದಕ್ಕ ಆ ಹೆಸರು ಬಂತು. ಹೆಸರಿನ್ಯಾಗ ಅಷ್ಟ ಬಣ್ಣ ಐತ್ರಿ.”

ಈಗಿನ ಬಣ್ಣ ಹಚ್ಚುವ ವಿಧಾನ ಬೇರೆ. ಕುಂಚವಿಲ್ಲ. ಜವಾರಿ ಹತ್ತಿಯ ಒಂದು ವರ್ಣತಂತುವಿಗೆ ಮಾತ್ರ ಹೊಂದುವಂಥ ಸಣ್ಣ ಸಣ್ಣ ತುಣುಕುಗಳನ್ನು ತಯಾರಿಸಿ, ಅವುಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಗಾಜಿನ ಮೇಲೆ ಬಿಡುತ್ತಾರೆ. ಬಿಸಿ ಮಾಡಿ ತಣಿಸಿದರೆ ಪ್ರತಿ ತುಣುಕೂ ತನ್ನ ಸರಿಜೋಡಿಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ಮಾತ್ರ ಕೂಡುತ್ತದೆ. ಬೇರೆ ಕಡೆ ನಿಲ್ಲುವುದಿಲ್ಲ. ಆ ವರ್ಣತಂತುವಿನ ಉದ್ದಕ್ಕೂ ಹೀಗೆ ಕೂತಾಗ ಅದಷ್ಟೇ ಬಣ್ಣ ಬಳಿದಂತೆ ಹೊಳೆಯುತ್ತದೆ.

ಕತ್ತಲೆ ಕೋಣೆಯಲ್ಲಿ ಅವಳು ಕಂಪ್ಯೂಟರಿನ ಪರದೆ ಹಾಕಿದಳು. ನನಗೆ ಕಂಡದ್ದು ಬೂದು ಬಣ್ಣದ ಮೂರು ಚಿತ್ರ.

“ಇದು ಕಪ್ಪು-ಬಿಳುಪು ಐತಲ್ಲ!”

“ಕ್ಯಾಮರಾಕ್ಕ ಬಣ್ಣ ಕಾಣಂಗಿಲ್ರಿ. ಒಂದೊಂದು ಬಣ್ಣದ ಬೆಳಕು ಬ್ಯಾರೆ ಬ್ಯಾರೆ ತಗೀತೇವಿ. ಆಮ್ಯಾಲೆ ಒಂದರ ಮ್ಯಾಲೊಂದು ಕೂಡಸ್ತೇವಿ.” ಮೂರು ಚಿತ್ರ ಒಂದರ ಮೇಲೊಂದು ಬಂದವು. ಕಪ್ಪು ನೆಲದ ಮೇಲೆ ಹಸಿರು, ಕೆಂಪು, ಮಸುಕು ನೀಲಿ ಕಡ್ಡಿಗಳು ಎದ್ದವು.

ಅಲ್ಲಿಯವರೆಗೆ ತಲೆಯಾಡಿಸುತ್ತ ಟಿಪ್ಪಣಿ ಬರೆದುಕೊಳ್ಳುತ್ತಿದ್ದವಳಿಗೆ ಈಗ ನಿಜವಾಗಿ ತಿಳಿಯಿತು. ನಮ್ಮ ಪತ್ರಿಕೆಯ ಬಣ್ಣದ ಪುಟವೂ ಹೀಗೆಯೇ. ನೀಲಿ, ಗುಲಾಬಿ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು. ಪ್ರತಿ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದರೆ ಬರೀ ಬೂದು. ನಾಲ್ಕೂ ಒಂದೇ ಕಾಗದದ ಮೇಲೆ ಕರಾರುವಾಕ್ಕಾಗಿ ಬಿದ್ದಾಗಲೇ ಸೀರೆಯ ಜಾಹೀರಾತು ಸೀರೆಯಾಗುವುದು. ಇದನ್ನು ಹೇಳಿದೆ. ಅವಳು ಮೊದಲ ಸಲ ನಕ್ಕಳು.

“ಹಂಗಾರ ನೀವೂ ಬಣ್ಣಾ ಹಚ್ಚಾವ್ರs ಆದ್ರಿ.”

ಮೊದಲು ತೋರಿಸಿದ ಚಿತ್ರ ನಾವು ಈಗ ಎಲ್ಲೆಡೆ ಬೆಳೆಯುವ ಅಮೆರಿಕನ್ ಹತ್ತಿಯದು. ಅದರ ಜೀವಕೋಶದಲ್ಲಿ ಐವತ್ತೆರಡು ವರ್ಣತಂತುಗಳು. ಜವಾರಿ ಹತ್ತಿಯಲ್ಲಿ ಇಪ್ಪತ್ತಾರು. ಜವಾರಿ ಹತ್ತಿಯ ಎಲ್ಲ ವರ್ಣತಂತುಗಳ ತುಣುಕುಗಳಿಗೂ ಬಣ್ಣ ಅಂಟಿಸಿ ಅಮೆರಿಕನ್ ಹತ್ತಿಗೆ ಬಿಟ್ಟರೆ ಸರಿಯಾಗಿ ಅರ್ಧ, ಇಪ್ಪತ್ತಾರು, ಹೊಳೆಯುತ್ತವೆ. ಹತ್ತು ಲಕ್ಷ ವರ್ಷಕ್ಕೂ ಹಿಂದೆ ಜವಾರಿಯ ಕುಲಕ್ಕೆ ಸೇರಿದ ಯಾವುದೋ ಹತ್ತಿ ಹೇಗೋ ಸಮುದ್ರ ದಾಟಿ ಅಮೆರಿಕ ಸೇರಿ, ಅಲ್ಲಿನ ಬೇರೊಂದು ಹತ್ತಿಯೊಡನೆ ಕೂಡಿತು. ಎರಡೂ ಕಡೆಯ ದಾರಗಳು ಒಂದೇ ಗಿಡದಲ್ಲಿ ಉಳಿದವು. ಇದು ಜಗತ್ತಿಗೆ ಮೊದಲೇ ತಿಳಿದ ಸಂಗತಿ, ತಾನು ಕಂಡುಹಿಡಿದದ್ದಲ್ಲ ಎಂದು ಅವಳು ಎರಡು ಸಲ ಹೇಳಿದಳು. ನನ್ನ ಪೆನ್ನಿನ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಅವಳ ಸ್ವಂತ ಕೆಲಸ ಎರಡನೆಯ ಚಿತ್ರ. ಎಡಗಡೆ ಜವಾರಿ ಹತ್ತಿ. ಅದರಲ್ಲಿ ಒಂದು ಜೋಡಿ ಪೂರ್ತಿ ಹಸಿರು, ಇನ್ನೊಂದು ಜೋಡಿ ಪೂರ್ತಿ ಕೆಂಪು. ಬಲಗಡೆ ಅಮೆರಿಕನ್ ಹತ್ತಿ. ಅಲ್ಲಿ ಹಸಿರಿನ ತುದಿಗೆ ಕೆಂಪು, ಕೆಂಪಿನ ತುದಿಗೆ ಹಸಿರು. ಯಾವುದೋ ಕಾಲದಲ್ಲಿ ಎರಡು ದಾರಗಳು ತುಂಡಾಗಿ, ತುದಿಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಕೂಡಿದ್ದವು. ಆ ಬದಲಾವಣೆ ನಿಖರವಾಗಿ ಎಲ್ಲಿ ಆಯಿತು, ನಮ್ಮ ಭಾಗದ ಜವಾರಿ ತಳಿಗಳಲ್ಲಿ ಆ ಜಾಗ ಹೇಗಿದೆ ಎಂಬುದೇ ಅವಳ ಆರು ವರ್ಷ.

“ಮನ್ಯಾಗ ಇದನ್ನ ತೋರಿಸೀರೇನು?” ಎಂದೆ.

“ಅಬ್ಬಾಗ ತೋರಿಸಿದೆ. ಒಪ್ಪಂಗಿಲ್ರಿ ಅವರು. ನಲವತ್ತು ವರ್ಷ ಎರಡೂ ಹತ್ತಿ ಮಶೀನಿನ್ಯಾಗ ಹಾಕೇನಿ, ಎರಡರ ಸಪ್ಪಳನs ಬ್ಯಾರೆ, ಕುಲ ಒಂದs ಹೆಂಗಾಕ್ಕೈತಿ ಅಂತಾರ. ಪರೀಕ್ಷಕರು ಭಾಳ ಅಂದ್ರ ಎರಡು ತಾಸು ಕೇಳ್ತಾರ. ನಮ್ಮ ಅಬ್ಬಾ ಆರು ವರ್ಷದಿಂದ ಕೇಳಾಕತ್ತಾರ.”

ಆ ಎರಡನೆಯ ಚಿತ್ರ ಅಚ್ಚಾಗಬೇಕು ಎಂದು ನನಗೆ ಅನ್ನಿಸಿತು. ಚಿತ್ರ ಕಂಡರೆ ಬಣ್ಣ ಎಲ್ಲಿಯದು ಎಂದು ಯಾರಿಗೂ ಬೇರೆ ಹೇಳಬೇಕಿಲ್ಲ. ಆದರೆ ತಿದ್ದುಪಡಿಗಳು ಬರುವುದು ಏಳನೆಯ ಪುಟದಲ್ಲಿ, ಆ ಪುಟ ಕಪ್ಪು-ಬಿಳುಪು. ಕಚೇರಿಗೆ ಬಂದು ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದೆ. ಹಸಿರೂ ಕೆಂಪೂ ಒಂದೇ ಬೂದು ಆದವು. ತುದಿ ಬದಲಾದದ್ದು ಕಾಣುವುದೇ ಇಲ್ಲ. ಬಣ್ಣದ ಪುಟವೇ ಬೇಕಿತ್ತು.

ಸಂಪಾದಕರು ಧಾರವಾಡದ ಹಳೆಯ ಓಣಿಯವರು. ಸಿಟ್ಟು ಬಂದಾಗ ಮಾತು ಇನ್ನೂ ಮೆತ್ತಗಾಗುತ್ತದೆ.

“ಮೇಡಂ, ಪತ್ರಿಕಾ ತಪ್ಪು ಒಪ್ಪಿಕೊಳ್ಳೋದು ಎರಡು ಸಾಲಿನೊಳಗ. ಕಾಲು ಪುಟದೊಳಗಲ್ಲ. ಅದೂ ಬಣ್ಣದ ಪುಟ!”

“ತಪ್ಪು ಮೂರು ಕಾಲಂ ತಲೆಬರಹದಾಗ ಆಗೇದ್ರಿ, ಸರ್.”

“ಹಂಗಂತ ಲೆಕ್ಕಾ ಹಚ್ಚಿದ್ರ ವಾರಕ್ಕೊಂದು ತಿದ್ದುಪಡಿ ಪುರವಣಿನೇ ತರಬೇಕಾಗ್ತದ.” ಅವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಇದೇನು, ಶಾವಿಗಿ ಚೆಲ್ಲಿದಂಗ ಅದ.”

ವಿವರಿಸಿದೆ. ಅವರು ಅರ್ಧಕ್ಕೆ ತಡೆದು, ಆ ಹುಡುಗಿಯ ಪರೀಕ್ಷೆ ಯಾವತ್ತು ಎಂದು ಮಾತ್ರ ಕೇಳಿದರು. ದಿನ ಹೇಳಿದೆ. ವಾರದ ಬಣ್ಣದ ಪುರವಣಿಯ ಪುಟಗಳ ನಕ್ಷೆ ತರಿಸಿದರು.

“ಅಡಿಗಿ ಅಂಕಣ ಈ ವಾರ ಬಂದಿಲ್ಲ. ಕಡೀ ಪುಟದೊಳಗ ಬದನೀಕಾಯಿ ಜಾಗಾಕ್ಕ ನಿಮ್ಮ ಶಾವಿಗಿ ಹಾಕ್ರಿ. ಒಂದ ಮಾತು. ತಪ್ಪು ಯಾರದು ಅನ್ನೋದು ಸ್ಪಷ್ಟ ಇರಲಿ. ಪ್ರಯೋಗಾಲಯದ್ದಲ್ಲ, ವರದಿಗಾರಂದಲ್ಲ.”

“ಡೆಸ್ಕಿನದು ಅಂತ ಬರೀತೇನ್ರಿ.”

“ಬರೀರಿ.”

ಮುನ್ನೂರು ಪದ ಬರೆದೆ. ಒಪ್ಪಂದದಂತೆ ಅವಳಿಗೆ ಕಳಿಸಿದೆ. ಹದಿನಾಲ್ಕು ತಿದ್ದುಪಡಿ ಬಂದವು. ‘ಪತ್ತೆಹಚ್ಚಿದ್ದಾರೆ’ ಎಂಬುದನ್ನು ‘ಗುರುತಿಸಿದ್ದಾರೆ’ ಮಾಡಿದ್ದಳು. ‘ಅದ್ಭುತ’ ಎಂಬುದಕ್ಕೆ ಅಡ್ಡಗೆರೆ. ‘ಮೊದಲ ಬಾರಿಗೆ’ ಎಂಬುದಕ್ಕೆ ಎರಡು ಅಡ್ಡಗೆರೆ. ಹೊಸ ಹುಡುಗರ ಪ್ರತಿಗೆ ನಾನು ಹಾಕುವ ಗೆರೆಗಳೇ ಇವು. ತಲೆಬರಹ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ‘ವರ್ಣತಂತು ಎಂದರೆ ಬಣ್ಣದ ದಾರವಲ್ಲ’ ಎಂದಿಟ್ಟೆ. ‘ಅಲ್ಲ’ ಎಂದು ಮುಗಿದರೂ ಜನ ಮತ್ತೆ ಬಣ್ಣವನ್ನೇ ಓದುತ್ತಾರೆ ಎಂದಳು ಫೋನಿನಲ್ಲಿ. ಹಿಂದಿನಿಂದ ತಂದೆಯ ದನಿ ಕೇಳಿಸಿತು: “ಹತ್ತಿ ಬೆಳ್ಳಗs ಐತಿ ಅಂತ ಬರೀರಿ ಅನ್ನು, ಮುಗೀತು.”

‘ಹತ್ತಿ ಬಿಳಿಯೇ’ ಎಂದು ಕೊಟ್ಟೆವು. ಎರಡು ಪದ. ಆಶ್ಚರ್ಯಸೂಚಕ ಇಲ್ಲ.

ಪುರವಣಿ ಅಚ್ಚಾಗುವುದು ಹಿಂದಿನ ದಿನ ಮಧ್ಯಾಹ್ನ. ಊರ ಹೊರಗಿನ ನಮ್ಮ ಮುದ್ರಣಾಲಯಕ್ಕೆ ಅವಳೂ ಬರುತ್ತೇನೆಂದಳು. ಸ್ಕೂಟಿಯ ಹಿಂದೆ ಮಿಸ್ತ್ರಿಯೂ ಬಂದರು. ದೊಡ್ಡ ಯಂತ್ರದ ಮುಂದೆ ಕೈ ಹಿಂದೆ ಕಟ್ಟಿ ನಿಂತು, ಕಾಗದ ಉರುಳೆಯಿಂದ ಉರುಳೆಗೆ ಹಾಯುವುದನ್ನು ನೋಡಿದರು. ಐದು ನಿಮಿಷ ಕಿವಿಗೊಟ್ಟು ಕೇಳಿ, ಯಂತ್ರ ನಡೆಸುವವನ ಹತ್ತಿರ ಹೋದರು.

“ತಮ್ಮಾ, ಎಡಗಡೆ ಬೇರಿಂಗ್ ಹೋಗಾಕ ಬಂದೈತಿ.”

“ಕಾಕಾ, ಅದು ಹ್ವಾದ ವಾರ ಹಾಕಿದ್ದು.”

“ಸಪ್ಪಳ ಬರಾಕತ್ತೈತಲ್ಲಪಾ.”

“ಸಪ್ಪಳ ಬರದಿದ್ರ ಇದು ನಿಂತೈತಿ ಅಂತ ಅರ್ಥ. ಇದು ಜಿನ್ ಅಲ್ರಿ ಕಾಕಾ, ಪೇಪರ್ ಮಶೀನ್.”

ಮಿಸ್ತ್ರಿ ಒಪ್ಪಲಿಲ್ಲ. ಆದರೆ ಹಿಂದೆ ಸರಿದು ನಿಂತರು. ಬೇರಿಂಗ್ ಸರಿಯಾಗಿಯೇ ಇತ್ತು, ಈಗಲೂ ಇದೆ.

ಮೊದಲ ಪ್ರತಿಗಳು ಬಂದವು. ಮಗಳು ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಬೆರಳಿಟ್ಟು ಎಣಿಸತೊಡಗಿದಳು.

“ಮೇಡಂ, ಇದರಾಗ ವರ್ಣತಂತು ಜಾಸ್ತಿ ಆಗ್ಯಾವು.”

ನೋಡಿದೆ. ಹಳದಿ ಪ್ಲೇಟು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ನಮ್ಮ ಅಚ್ಚಿನಲ್ಲಿ ಹಸಿರಿಗೂ ಕೆಂಪಿಗೂ ಹಳದಿ ಬೇಕು. ಅದು ಸರಿದದ್ದರಿಂದ ಹಸಿರು ನೀಲಿಯಾಗಿ, ಕೆಂಪು ಗುಲಾಬಿಯಾಗಿ, ಪ್ರತಿ ಕಡ್ಡಿಯ ಪಕ್ಕ ಒಂದು ಹಳದಿ ಕಡ್ಡಿ ಹುಟ್ಟಿತ್ತು. ಬದಲಾದ ತುದಿಗಳಂತೂ ಕಡ್ಡಿಯಿಂದ ಕಳಚಿ ಬಿದ್ದ ಚೂರುಗಳಂತೆ ಕಾಣುತ್ತಿದ್ದವು. ಅವಳ ಆರು ವರ್ಷದ ಕೆಲಸವಿದ್ದದ್ದು ಆ ತುದಿಗಳಲ್ಲಿಯೇ. ಹೀಗೆ ಹೊರಬಿದ್ದರೆ ಮೊದಲ ತಪ್ಪಿಗೆ ಎರಡನೆಯದು ಸೇರುತ್ತಿತ್ತು.

“ನಿಲ್ಲಿಸು,” ಎಂದೆ.

“ಅಕ್ಕಾರ, ಸೀರಿ ಅಂಗಡಿ ಜಾಹೀರಾತಿಗೆ ಇಷ್ಟು ನಡೀತೈತ್ರಿ,” ಎಂದ ಯಂತ್ರದವನು.

“ಸೀರಿ ಅಲ್ಲಪಾ. ಹತ್ತಿ ಇದು, ಇನ್ನ ಸೀರಿ ಆಗಿಲ್ಲ.”

ಅವನು ನಿಲ್ಲಿಸಿದ. ಭೂತಗನ್ನಡಿ ಹಿಡಿದು, ಪ್ಲೇಟು ಹೊಂದಿಸಲೆಂದು ಮೂಲೆಯಲ್ಲಿ ಹಾಕಿರುವ ಅಡ್ಡಗೀಟಿನ ಗುರುತುಗಳನ್ನು ನೋಡಿದ, ಹಳದಿ ಘಟಕದ ತಿರುಪು ಒಂದಿಷ್ಟು ತಿರುಗಿಸಿದ, ಮತ್ತೆ ಓಡಿಸಿದ. ಎರಡನೆಯ ಸಲ ಇನ್ನೊಂದು ಕಡೆಗೆ ಸರಿಯಿತು. ಮೂರನೆಯ ಸಲ ಅವನು ಮಗಳನ್ನೇ ಕರೆದ. “ನೀವs ಬರ್ರಿ ಅಕ್ಕಾ, ಎಲ್ಲಿ ಕೂಡಬೇಕು ಹೇಳ್ರಿ.” ಅವಳು ಭೂತಗನ್ನಡಿಗೆ ಕಣ್ಣಿಟ್ಟು, “ಇನ್ನ ಸ್ವಲ್ಪ, ಇನ್ನ ಸ್ವಲ್ಪ, ಸಾಕು,” ಎಂದಳು. ಕೆಂಪು ತುದಿ ಹಸಿರು ಕಡ್ಡಿಗೆ ಬಂದು ಕೂತಿತು. ಹಾಳಾದ ಪ್ರತಿಗಳನ್ನು ಒಟ್ಟುಮಾಡಿ ಬದಿಗಿಟ್ಟರು. ಯಂತ್ರ ವೇಗ ಹಿಡಿಯಿತು.

ಪುರವಣಿ ಬಂದ ದಿನ ಅಮರಗೋಳದಿಂದ ಅದೇ ದಲಾಲರ ಫೋನು ಬಂತು. “ತಿಳೀತ್ರಿ. ಆದ್ರ ಟಾವೆಲ್ ಗಿಡಾ ಇದ್ದಿದ್ರ ಛಲೋ ಇತ್ತು,” ಎಂದರು. ಸಂಜೆ ಅವಳಿಂದ ಒಂದು ಸಂದೇಶ. ಹಿರಿಯರು ದೂರು ಹಿಂದಕ್ಕೆ ಪಡೆದಿದ್ದಾರೆ, ಪರೀಕ್ಷೆ ಗೊತ್ತಾದ ದಿನವೇ ನಡೆಯುತ್ತದೆ. ಕೊನೆಗೆ ಒಂದು ಸಾಲು: ‘ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂಡಬಹುದು.’

ನಾನು ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಿಸ್ತ್ರಿ. ಹೊರಗಿನಿಂದ ಬಂದ ಪರೀಕ್ಷಕರು ತೆಳ್ಳಗಿನ, ನಿಧಾನ ಮಾತಿನ ವ್ಯಕ್ತಿ. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯಿತು. ಅವಳ ಮಂಡನೆ ಮುಗಿದ ಮೇಲೆ ಅವರ ಮೊದಲ ಪ್ರಶ್ನೆ ನಮ್ಮ ಪತ್ರಿಕೆಯ ಬಗ್ಗೆಯೇ. ಬಣ್ಣದ ಹತ್ತಿಯ ಮಾತು ತಮ್ಮ ಕಿವಿಗೂ ಬಿದ್ದಿದೆ, ಅದು ನಿಮ್ಮ ಹೇಳಿಕೆಯೇ ಎಂದು ಕೇಳಿದರು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

ಅಲ್ಲ, ಒಂದು ಪದದ ಅನುವಾದದಲ್ಲಿ ಆದ ತಪ್ಪು, ಅದನ್ನು ಪತ್ರಿಕೆಯೇ ಸರಿಪಡಿಸಿದೆ ಎಂದು ಅವಳು ಒಂದೇ ವಾಕ್ಯದಲ್ಲಿ ಹೇಳಿದಳು. ನನ್ನ ಕಡೆ ನೋಡಲಿಲ್ಲ. ಪರೀಕ್ಷಕರು ತಲೆಯಾಡಿಸಿ ಎರಡನೆಯ ಪ್ರಶ್ನೆಗೆ ಹೋದರು. ಅಲ್ಲಿಂದ ಮುಂದೆ ಒಂದೂವರೆ ತಾಸು ತುದಿಗಳ ಬಗ್ಗೆ ಮಾತ್ರ ಮಾತು. ಒಂದು ಪ್ರಶ್ನೆಗೆ ಅವಳು ‘ಗೊತ್ತಿಲ್ಲ’ ಎಂದಳು. ಇನ್ನೊಂದಕ್ಕೆ ಹಲಗೆಯ ಮೇಲೆ ಚಿತ್ರ ಬರೆದು, ಅಳಿಸಿ, ಮತ್ತೆ ಬರೆದಳು. ಆಮೇಲೆ ಸಮಿತಿಯವರು ಒಳಗೆ ಹೋಗಿ ಹೊರಗೆ ಬಂದರು. ಅಧ್ಯಕ್ಷರು ಎದ್ದು ಎರಡು ವಾಕ್ಯ ಓದಿದರು. ಚಪ್ಪಾಳೆ ಬಿತ್ತು.

ಮಿಸ್ತ್ರಿ ನನ್ನ ಕಡೆ ಬಾಗಿದರು. “ಆತೇನ್ರಿ?”

“ಆತ್ರಿ. ಇನ್ನ ಡಾಕ್ಟರ್ ಅನ್ನಬೇಕು ನೀವು.”

“ನಾ ಯಾಕ ಅನ್ಲಿರಿ,” ಎಂದರು. ಅವರು ಚಪ್ಪಾಳೆ ಹೊಡೆಯುವುದನ್ನು ಮರೆತು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಸಭೆ ಏಳುವಾಗಲೂ ಹಾಗೇ ಇದ್ದರು.

ಹೊರಗೆ ಮೆಟ್ಟಿಲ ಹತ್ತಿರ ಅವಳು ನಮ್ಮ ಬಳಿ ಬಂದಳು. ನಾಳೆ ಪದವಿಯ ಸುದ್ದಿ ಹಾಕುತ್ತೇವೆ ಎಂದೆ.

“ಹಾಕ್ರಿ ಮೇಡಂ. ಆದ್ರ ನಾನs ಬರದು ಕೊಡ್ತೇನಿ.”

ನನ್ನ ಟಿಪ್ಪಣಿ ಪುಸ್ತಕ, ಪೆನ್ನು ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಬರೆದಳು. ಪದವಿ ಸುದ್ದಿಗೆ ನಮ್ಮಲ್ಲಿ ಒಂದು ಅಚ್ಚು ಇದೆ. ಹೆಸರು, ವಿಷಯ, ಮಾರ್ಗದರ್ಶಕರ ಹೆಸರು, ಅಷ್ಟೆ. ಮನೆಯವರ ಸಂಗತಿ ಬಂದರೆ ಕತ್ತರಿಸುತ್ತೇವೆ. ಅವಳು ಬರೆದದ್ದರಲ್ಲಿ ಹೆಸರು ಇತ್ತು, ವಿಷಯ ಇತ್ತು, ಮಾರ್ಗದರ್ಶಕರು ಇದ್ದರು. ಕೊನೆಗೆ, ‘ಇವರು ಕಮರಿಪೇಟೆಯ ಜಿನ್ ಮಿಸ್ತ್ರಿಯ ಮಗಳು’ ಎಂದಿತ್ತು.

ಮಿಸ್ತ್ರಿ ಓದಿ, “ಇದು ಯಾಕ ಬೇಕಾಗಿತ್ತು?” ಎಂದರು. ಪುಸ್ತಕವನ್ನು ಮಾತ್ರ ಕೂಡಲೇ ನನ್ನ ಕೈಗೆ ಕೊಟ್ಟುಬಿಟ್ಟರು, ಆ ಹಾಳೆಯನ್ನು ಯಾರೂ ಹರಿಯಬಾರದು ಎಂಬಂತೆ.

ಅಲ್ಲಿಂದಲೇ ಡೆಸ್ಕಿಗೆ ಕಳಿಸಿದೆ. ಒಂದಕ್ಷರವನ್ನೂ ಮುಟ್ಟಬೇಡಿ ಎಂದು ಸೇರಿಸಿದೆ. ಮರುದಿನ ಮೂರನೆಯ ಪುಟದಲ್ಲಿ, ಒಂದು ಕಾಲಮ್ಮಿನಲ್ಲಿ, ಹಾಗೆಯೇ ಬಂತು.